ಪೋಕರ್ ತರಬೇತಿ ವಿಡಿಯೋ ನೋಡಿ ಕಲಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎಲಿ ಆಟ ಗೊತ್ತಿಲ್ಲದವರು ಕಡಿಮೆ. ರಮ್ಮಿ, ತೀನ್ ಪತ್ತಿ ಆಡುತ್ತ ಬೆಳೆದು, ಈಗ ಫೋನಿನಲ್ಲಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಕಲಿಸುವ ವಿಡಿಯೋಗಳನ್ನು ನೋಡುತ್ತಿರುವವರಿಗಾಗಿ ಈ ಪುಟ. ಪೋಕರಿನ ಮೂಲ ನಿಯಮ ನಿಮಗೆ ಗೊತ್ತಿದೆ ಎಂದು ಇಟ್ಟುಕೊಂಡಿದ್ದೇವೆ. ವಿಡಿಯೋದವರು ಹ್ಯಾಂಡ್ ಅನ್ನುವುದನ್ನು ಇಲ್ಲಿ ನಮ್ಮ ಮಾತಿನಂತೆ ಡಾವು ಎಂದು ಬರೆದಿದ್ದೇವೆ. ಪ್ರಶ್ನೆಗಳು ಜನ ಕೇಳುವ ಧಾಟಿಯಲ್ಲೇ ಇವೆ.

ಆರು ತಿಂಗಳಿಂದ ವಿಡಿಯೋ ನೋಡಾಕ ಹತ್ತೇನ್ರಿ. ಆಟ ಯಾಕ ಸುಧಾರಿಸವಲ್ದು?

ನೋಡುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ, ತೊಡಕು ಇರುವುದೇ ಅಲ್ಲಿ. ಕಲಿಸುವವರು ಒಂದೊಂದು ನಡೆಗೂ ಕಾರಣ ಹೇಳುತ್ತ ಹೋಗುತ್ತಾರೆ, ನೀವು ಹೌದು ಹೌದು ಎಂದು ತಲೆಯಾಡಿಸುತ್ತೀರಿ. ಗರಡಿಮನೆಯ ಕಟ್ಟೆಯ ಮೇಲೆ ಕುಳಿತು ವರ್ಷವಿಡೀ ಕುಸ್ತಿ ನೋಡಿದವನಿಗೆ ಪಟ್ಟುಗಳ ಹೆಸರೆಲ್ಲ ಬಾಯಿಪಾಠ. ಮಣ್ಣಿಗಿಳಿದರೆ ಅರ್ಧ ನಿಮಿಷ ನಿಲ್ಲುವುದಿಲ್ಲ.

ನೆನಪಿನ ಬಗ್ಗೆ ನಡೆದ ಪ್ರಯೋಗಗಳೂ ಇದನ್ನೇ ಹೇಳುತ್ತವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕೆಲವು ವಿದ್ಯಾರ್ಥಿಗಳಿಗೆ ಒಂದೇ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಉಳಿದವರಿಗೆ ಓದಿದ್ದನ್ನು ಪುಸ್ತಕ ಮುಚ್ಚಿ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರ ಕಳೆದ ಮೇಲೆ ಮುಚ್ಚಿ ಬರೆದವರೇ ಮುಂದೆ. ವಿಡಿಯೋಗೂ ಅದೇ ಲೆಕ್ಕ. ಉತ್ತರ ಕೇಳುವ ಮೊದಲು ನಿಮ್ಮ ಉತ್ತರ ಕಾಗದದ ಮೇಲೆ ಇರಬೇಕು. ಈ ಪುಟದಲ್ಲಿ ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಆನ್‌ಲೈನ್ ಪೋಕರ್ ಬಂದ್ ಆಗೇತಂತ. ವಿಡಿಯೋ ನೋಡಿದ್ರೂ ಕೇಸ್ ಆಕ್ಕತೇನು?

ವಿಡಿಯೋ ನೋಡುವುದು, ಲೆಕ್ಕ ಕಲಿಯುವುದು ಅಪರಾಧವಲ್ಲ. ಬಂದ್ ಆಗಿರುವುದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ. ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದವನ್ನು ಪಕ್ಕಕ್ಕಿಟ್ಟು, ಹಣ ಹಾಕಿ ಹಣ ಗೆಲ್ಲುವ ಆಟಗಳನ್ನೆಲ್ಲ ಅದು ಒಟ್ಟಿಗೆ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ. ಆದರೆ ವಿದೇಶಿ ಸೈಟಿಗೆ ಹಣ ಹಾಕಿ ಆ ಹಣ ಅಲ್ಲೇ ಸಿಕ್ಕಿಹಾಕಿಕೊಂಡರೆ ನಿಮ್ಮ ದೂರನ್ನು ಕೇಳುವವರು ಯಾರೂ ಇರುವುದಿಲ್ಲ. ವಿಡಿಯೋದ ಕೆಳಗೆ ‘ಈ ಲಿಂಕ್‌ನಿಂದ ಸೇರಿ, ಬೋನಸ್ ಪಡೆಯಿರಿ’ ಎಂದಿದ್ದರೆ ಆ ಚಾನೆಲ್ಲಿನ ಗಳಿಕೆ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾಯಿತಲ್ಲ.

ಇನ್ನು ಊರಿನ ಅಡ್ಡೆಯಲ್ಲಿ ಪಣ ಕಟ್ಟಿ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದ್ದೇ ಇದೆ. ಕೆಳಗೆ ಹೇಳಿರುವ ಅಭ್ಯಾಸಗಳಿಗೆಲ್ಲ ಒಂದು ರೂಪಾಯಿಯೂ ಬೇಡ.

20 ನಿಮಿಷದ ಒಂದ್ ವಿಡಿಯೋ ಹೆಂಗ ನೋಡ್ಬೇಕು?

20 ನಿಮಿಷದ ವಿಡಿಯೋಗೆ ಒಂದು ಗಂಟೆ ಎತ್ತಿಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಮೊದಲ ಏಳು ನಿಮಿಷ ಮಾತ್ರ ನೋಡಿ, ಉಳಿದದ್ದು ನಾಳೆಗಿರಲಿ.

ಕೈಯಲ್ಲಿ ನೋಟ್‌ಬುಕ್ಕು, ಪೆನ್ನು, ಪಕ್ಕದಲ್ಲಿ ಒಂದು ಕಟ್ಟು ಎಲಿ. ಪುಟವನ್ನು ನಾಲ್ಕು ಕಾಲಂ ಮಾಡಿ: ಸ್ಥಿತಿ, ನನ್ನ ಉತ್ತರ, ಅವರ ಉತ್ತರ, ಕಾರಣ. ನಿರ್ಧಾರದ ಕ್ಷಣ ಬಂದಾಗಲೆಲ್ಲ ವಿಡಿಯೋ ನಿಲ್ಲಿಸಿ. ಸ್ಥಿತಿಯ ಕಾಲಂನಲ್ಲಿ ಐದು ಸಂಗತಿ ಇರಲೇಬೇಕು: ಯಾರು ಎಲ್ಲಿ ಕುಳಿತಿದ್ದಾರೆ, ಯಾರ ಬಳಿ ಎಷ್ಟು ಚಿಪ್ಸ್ ಉಳಿದಿವೆ, ನಡುವೆ ಪಾಟ್ (ಎಲ್ಲರೂ ಹಾಕಿ ಸೇರಿದ ಚಿಪ್ಸ್) ಎಷ್ಟು, ಟೇಬಲ್ಲಿನ ಮೇಲೆ ಯಾವ ಎಲಿ ಬಿದ್ದಿವೆ, ಇಲ್ಲಿವರೆಗೆ ಯಾರು ಏನು ಮಾಡಿದ್ದಾರೆ. ಇವುಗಳಲ್ಲಿ ಒಂದು ತಪ್ಪಿದರೂ ಉತ್ತರಕ್ಕೆ ಅರ್ಥವಿಲ್ಲ. ಹೆಚ್ಚಿನವರು ಮರೆಯುವುದು ಎರಡನೆಯದನ್ನು.

ಆಮೇಲೆ ನಿಮ್ಮ ಉತ್ತರ ಬರೆಯಿರಿ: ಫೋಲ್ಡ್ (ಬಿಡುವುದು), ಕಾಲ್ (ಎದುರಿನವನಷ್ಟೇ ಹಾಕುವುದು), ರೇಸ್ (ಏರಿಸುವುದು); ರೇಸ್ ಆದರೆ ಎಷ್ಟಕ್ಕೆ. ಪಕ್ಕದಲ್ಲಿ ಎಷ್ಟು ಖಾತ್ರಿ ಎಂಬುದನ್ನೂ ಶೇಕಡಾದಲ್ಲಿ ಹಾಕಿ. ಶೇ 90 ಖಾತ್ರಿಯಿಂದ ಹೇಳಿ ತಪ್ಪಾದ ಡಾವು ನಿಮಗೆ ಅತಿ ಹೆಚ್ಚು ಕಲಿಸುವ ಡಾವು, ಏಕೆಂದರೆ ಅಲ್ಲಿ ನಿಮ್ಮ ತಲೆಯಲ್ಲೊಂದು ತಪ್ಪು ನಿಯಮ ಗಟ್ಟಿಯಾಗಿ ಕೂತಿದೆ. ಶೇ 50 ಖಾತ್ರಿಯಿಂದ ಸರಿ ಹೇಳಿದ್ದು ಬರೀ ಊಹೆ. ಅದನ್ನು ಗೆಲುವಿನ ಲೆಕ್ಕಕ್ಕೆ ಸೇರಿಸಬೇಡಿ.

ಈಗ ವಿಡಿಯೋ ಬಿಡಿ, ಅವರ ಉತ್ತರ ಬರೆದುಕೊಳ್ಳಿ. ಕಾರಣದ ಕಾಲಂ ಮಾತ್ರ ವಿಡಿಯೋ ಮುಗಿದು, ಫೋನ್ ಬೋರಲು ಹಾಕಿದ ಮೇಲೆ ತುಂಬಬೇಕು, ಅದೂ ನಿಮ್ಮ ಮಾತಿನಲ್ಲಿ. ಕಾರಣ ಬರೆಯಲು ಬಾರದ ಡಾವಿಗೆ ಮಾತ್ರ ಹಿಂದೆ ಹೋಗಿ ನೋಡಿ. ಇಡೀ ವಿಡಿಯೋ ಇನ್ನೊಮ್ಮೆ ನೋಡುವ ಅಗತ್ಯ ಬೀಳುವುದು ಕಡಿಮೆ.

ಒಂದ್ ಉದಾಹರಣೆ ಕೊಟ್ಟು ಹೇಳ್ರಿ.

ಇಬ್ಬರು ಮೊದಲೇ ಕಡ್ಡಾಯವಾಗಿ ಹಾಕುವ ಚಿಪ್ಸ್: ಸ್ಮಾಲ್ ಬ್ಲೈಂಡ್ 1, ಬಿಗ್ ಬ್ಲೈಂಡ್ 2. ಎಲ್ಲರ ಬಳಿ 200. ನೀವು ಬಟನ್ ಮೇಲೆ, ಅಂದರೆ ಫ್ಲಾಪ್ (ಟೇಬಲ್ಲಿನ ಮೊದಲ ಮೂರು ಎಲಿ) ಬಿದ್ದ ಮೇಲೆ ಕೊನೆಗೆ ಆಡುವ ಜಾಗದಲ್ಲಿ. ಕೈಯಲ್ಲಿ ಬದಾಮಿನ (ಹಾರ್ಟ್ಸ್) ಎಕ್ಕ ಮತ್ತು ಐದು. ನೀವು 5ಕ್ಕೆ ರೇಸ್ ಮಾಡಿದಿರಿ, ಸ್ಮಾಲ್ ಬ್ಲೈಂಡ್ ಬಿಟ್ಟ, ಬಿಗ್ ಬ್ಲೈಂಡ್ ಇನ್ನೂ 3 ಹಾಕಿ ಕಾಲ್ ಮಾಡಿದ. ಪಾಟ್ 5 + 5 + 1 = 11. ಫ್ಲಾಪ್ ಬಿತ್ತು: ಬದಾಮ್ ರಾಜ, ಬದಾಮ್ ಒಂಬತ್ತು, ಕಿಲಾವರ್ ನಾಲ್ಕು. ಆತ ಚೆಕ್ (ಏನೂ ಹಾಕಲಿಲ್ಲ), ನೀವು 4 ಬೆಟ್, ಆತ 14ಕ್ಕೆ ರೇಸ್. ಇಲ್ಲಿ ವಿಡಿಯೋ ನಿಲ್ಲಿಸಿ.

ಪಾಟಿನಲ್ಲಿ ಈಗ 11 + 4 + 14 = 29 ಇದೆ. ನೀವು ಇನ್ನೂ 10 ಹಾಕಬೇಕು. ಹಾಕಿದರೆ ಒಟ್ಟು 39. 10 ಭಾಗಿಸು 39, ಶೇ 25.6. ಕಾಲ್ ನಷ್ಟವಾಗದಿರಲು ಸರಾಸರಿ ಇಷ್ಟು ಸಲ ಗೆಲ್ಲಬೇಕು. ನಿಮಗೆ ಬೇಕಾದ ಬದಾಮ್ ಇನ್ನು 9 ಉಳಿದಿವೆ, ನೀವು ಕಾಣದ ಎಲಿ 47. ಮುಂದಿನ ಒಂದು ಎಲಿಗೆ 9/47, ಅಂದರೆ ಶೇ 19.1. ಬೇಕಾದದ್ದು 25.6, ಇರುವುದು 19.1. ಫೋಲ್ಡ್?

ಹೊಸಬರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಇನ್ನೂ ಒಂದು ಹೆಜ್ಜೆ ಇದೆ. ಬದಾಮ್ ಬೀಳದ 38 ಎಲಿಗೆ ಬೀಳುವ 9 ಎಲಿ. ಆ ಹೋಲಿಕೆಯಲ್ಲಿ 10 ಹಾಕಿದ್ದಕ್ಕೆ 42 ಸಿಗಬೇಕು. ಈಗಲೇ 29 ಇದೆ. ಬಣ್ಣ ಕೂಡಿದ ಮೇಲೆ, ಅಂದರೆ ಐದು ಬದಾಮ್ ಸೇರಿ ಫ್ಲಶ್ ಆದ ಮೇಲೆ, ಆತನಿಂದ ಇನ್ನೂ 13 ಬಂದರೆ ಸಾಕು. ಇಬ್ಬರ ಬಳಿಯೂ 181 ಉಳಿಯುತ್ತದೆ, ಕೊನೆಗೆ ಆಡುವವರು ನೀವು. ಅಷ್ಟು ಬರುವುದು ಕಷ್ಟವಲ್ಲ. ಕೆಲವೊಮ್ಮೆ ಎಕ್ಕ ಬಿದ್ದರೂ ಗೆಲ್ಲುತ್ತೀರಿ. ಹಾಗಾಗಿ ಕಾಲ್.

ಈಗ ಅದೇ ಡಾವಿನಲ್ಲಿ ಒಂದನ್ನು ಬದಲಿಸಿ: ಕಾಲ್ ಮಾಡಿದ ಮೇಲೆ ಆತನ ಬಳಿ 8 ಮಾತ್ರ ಉಳಿಯುತ್ತದೆ ಎಂದುಕೊಳ್ಳಿ. ಮುಂದೆ ಬರಬೇಕಾದ 13 ಬರುವುದೇ ಸಾಧ್ಯವಿಲ್ಲ. ಮೇಲಿನ ಲೆಕ್ಕ ಮುರಿದು ಬಿತ್ತು. ಆದರೆ ಅಷ್ಟು ಕಡಿಮೆ ಉಳಿದಿದ್ದರೆ ಎರಡೂ ಎಲಿ ನೋಡಿಯೇ ಡಾವು ಮುಗಿಯುವ ಸಂಭವ ಹೆಚ್ಚು, ಆಗ ಬಣ್ಣ ಕೂಡುವ ಅವಕಾಶ ಶೇ 35. ಉತ್ತರ ಕಾಲ್ ಆಗಿಯೇ ಉಳಿಯಬಹುದು, ಕಾರಣ ಮಾತ್ರ ಬೇರೆ. ವಿಡಿಯೋದಲ್ಲಿ ‘ಇಲ್ಲಿ ಕಾಲ್ ಮಾಡಿ’ ಎಂದಷ್ಟೇ ಬರೆದುಕೊಂಡವರಿಗೆ ಈ ಎರಡು ಡಾವು ಒಂದೇ ಆಗಿ ಕಾಣುತ್ತವೆ.

ತೀನ್ ಪತ್ತಿ ಚಲೋ ಬರ್ತೇತಿ. ಅದು ಇದಕ್ಕ ಉಪಯೋಗ ಆಗೂದಿಲ್ಲೇನು?

ಎದುರಿನವರನ್ನು ಓದುವ ಧೈರ್ಯಕ್ಕೆ ಆಗುತ್ತದೆ. ಉಳಿದಂತೆ ಮೊದಲ ತಿಂಗಳು ಅಡ್ಡಿಯೇ ಹೆಚ್ಚು.

ಮೊದಲನೆಯದು ಶ್ರೇಣಿ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಸಣ್ಣದು. ಪೋಕರಿನಲ್ಲಿ ತಿರುವು ಮುರುವು: ಫ್ಲಶ್ ಮುಂದೆ ಸ್ಟ್ರೇಟ್ ಸೋಲುತ್ತದೆ. ಇದಕ್ಕೆ ಕಾರಣ ಎಣಿಕೆ. ಮೂರು ಎಲಿಯಲ್ಲಿ ಸಾದಾ ಸೀಕ್ವೆನ್ಸ್ 720 ಬಗೆ, ಕಲರ್ 1,096 ಬಗೆ. ಐದು ಎಲಿಯಲ್ಲಿ ಸ್ಟ್ರೇಟ್ 10,200 ಬಗೆ, ಫ್ಲಶ್ 5,108 ಬಗೆ. ಯಾವುದು ಅಪರೂಪವೋ ಅದು ದೊಡ್ಡದು. (ತೀನ್ ಪತ್ತಿಯ ಟ್ರೇಲ್ ಈ ಮಾತಿಗೆ ಹೊರತು. ಟ್ರೇಲ್ 52 ಬಗೆ, ಪ್ಯೂರ್ ಸೀಕ್ವೆನ್ಸ್ 48 ಬಗೆ. ಆದರೂ ಟ್ರೇಲಿಗೇ ಮೇಲಿನ ಮಣೆ.)

ಎರಡನೆಯದು ಮಾತು. ತೀನ್ ಪತ್ತಿಯಲ್ಲಿ ಬ್ಲೈಂಡ್ ಅಂದರೆ ಎಲಿ ನೋಡದೆ ಆಡುವುದು. ಪೋಕರಿನಲ್ಲಿ ಬ್ಲೈಂಡ್ ಅಂದರೆ ಎಲಿ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಚಿಪ್ಸ್. ‘ಬ್ಲೈಂಡ್ ಕಾಪಾಡಿಕೊಳ್ಳಿ’ ಎಂದು ವಿಡಿಯೋದಲ್ಲಿ ಹೇಳಿದರೆ ಎಲಿ ನೋಡದೆ ಹಾಕಿ ಎಂದಲ್ಲ. ಪ್ಯಾಕ್ ಅಂದರೆ ಫೋಲ್ಡ್. ಸೈಡ್ ಶೋ ಇಲ್ಲವೇ ಇಲ್ಲ.

ಮೂರನೆಯದು, ಎಲ್ಲಕ್ಕಿಂತ ದುಬಾರಿಯಾದದ್ದು, ಜಾಗದ ಬೆಲೆ. ತೀನ್ ಪತ್ತಿಗೆ ಕುಳಿತಾಗ ಯಾವ ಮೂಲೆಯಲ್ಲಿ ಕುಳಿತಿದ್ದೇವೆ ಎಂದು ಯಾರೂ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಪೋಕರಿನಲ್ಲಿ ಕೊನೆಗೆ ಆಡುವವನಿಗೆ ಉಳಿದವರೆಲ್ಲ ಮಾಡಿದ್ದು ಗೊತ್ತಿರುತ್ತದೆ. ಅದಕ್ಕೇ ಎಕ್ಕ-ಐದರಂಥ ಎಲಿಯನ್ನು ಬಟನ್ನಿನಲ್ಲಿ ಆಡಿಸಿ, ಮೊದಲ ಜಾಗದಲ್ಲಿ ಹಲವು ಸಲ ಬಿಡಿಸುತ್ತಾರೆ. ಕಲಿಸುವವರು ಒಂದೇ ಎಲಿಗೆ ಎರಡು ಉತ್ತರ ಕೊಟ್ಟರೆ ಗೊಂದಲ ಬೇಡ. ಕುಳಿತ ಜಾಗ ನೋಡಿ.

ಯಾವ ವಿಡಿಯೋ ಮೊದಲು ನೋಡ್ಬೇಕು? ಸಾವಿರಾರು ಅದಾವಲ್ರಿ.

ವಿಡಿಯೋಗಳಲ್ಲಿ ನಾಲ್ಕು ಜಾತಿ. ಒಂದು ವಿಷಯ ತೆಗೆದುಕೊಂಡು ಪಾಠ ಹೇಳುವುದು. ಆಡುತ್ತ ಆಡುತ್ತ ಯೋಚನೆ ಬಾಯಿಬಿಟ್ಟು ಹೇಳುವುದು. ಆಡಿ ಮುಗಿದ ಡಾವುಗಳ ಪರಿಶೀಲನೆ. ಟೀವಿಯಲ್ಲಿ ಬರುವ ದೊಡ್ಡ ದೊಡ್ಡ ಪಾಟುಗಳ ಆಟ. ಹೊಸಬರು ಮೊದಲ ಎರಡು ತಿಂಗಳು ಒಂದನೆಯದು ಮತ್ತು ಮೂರನೆಯದಕ್ಕೆ ಅಂಟಿಕೊಳ್ಳಲಿ. ಆಡುತ್ತ ಹೇಳುವ ವಿಡಿಯೋದಲ್ಲಿ ಯೋಚನೆ ಅವಸರದ್ದು, ನಾಲ್ಕು ಟೇಬಲ್ ಒಟ್ಟಿಗೆ ಓಡುತ್ತಿದ್ದರೆ ನಿಮಗೆ ಸ್ಥಿತಿ ಬರೆದುಕೊಳ್ಳಲೂ ಆಗುವುದಿಲ್ಲ. ಟೀವಿ ಆಟ ಮನರಂಜನೆ. ಎಲ್ಲರ ಎಲಿ ನಿಮಗೆ ಕಾಣುತ್ತದೆ, ನೂರಾರು ಸಪ್ಪೆ ಡಾವು ಕತ್ತರಿಸಿ ರೋಚಕವಾದದ್ದನ್ನಷ್ಟೇ ತೋರಿಸುತ್ತಾರೆ. ಅದನ್ನು ನೋಡಿ ಪೋಕರ್ ಅಂದರೆ ಪ್ರತಿ ಡಾವಿಗೂ ಬ್ಲಫ್ ಎಂದು ತಿಳಿದವರಿಗೆ ಆ ಭ್ರಮೆ ಬಿಡಿಸುವುದೇ ಒಂದು ಕೆಲಸ.

ಆಮೇಲೆ ತಾರೀಖು ನೋಡಿ. 2015ರಲ್ಲಿ ಪಯೋಸಾಲ್ವರ್ ಎಂಬ ಸಾಲ್ವರ್, ಅಂದರೆ ಒಂದು ಸ್ಥಿತಿಗೆ ಯಾವ ನಡೆ ಸರಿ ಎಂದು ಲೆಕ್ಕ ಹಾಕುವ ಪ್ರೋಗ್ರಾಂ, ಬಂದ ಮೇಲೆ ಕಲಿಸುವ ರೀತಿಯೇ ಬದಲಾಯಿತು. ಅದಕ್ಕಿಂತ ಹಳೆಯ ವಿಡಿಯೋದಲ್ಲಿ ಆರಂಭದ ರೇಸ್ 3-4 ಬಿಗ್ ಬ್ಲೈಂಡ್, ಫ್ಲಾಪಿನಲ್ಲಿ ಬಹುತೇಕ ಪಾಟಿನ ಮೂರನೇ ಎರಡು ಪಾಲು ಬೆಟ್. ಈಗ ಬಟನ್ನಿನಿಂದ 2-2.5 ಬಿಗ್ ಬ್ಲೈಂಡ್, ಕೆಲವು ಫ್ಲಾಪಿಗೆ ಮೂರನೇ ಒಂದು ಪಾಲು. ಹಳೆಯ ವಿಡಿಯೋದ ಪಾಟ್ ಲೆಕ್ಕ ಈಗಲೂ ಸರಿ, ಅಳತೆಗಳನ್ನು ನಂಬಬೇಡಿ.

ಮೂರನೆಯದಾಗಿ ಆಟದ ಬಗೆ. 100 ಬಿಗ್ ಬ್ಲೈಂಡ್ ಇಟ್ಟುಕೊಂಡು ಆರು ಜನ ಆಡುವ ಕ್ಯಾಶ್ ಆಟ ಬೇರೆ, 20 ಬಿಗ್ ಬ್ಲೈಂಡ್ ಉಳಿದ ಟೂರ್ನಮೆಂಟ್ ಬೇರೆ, ಇಬ್ಬರೇ ಆಡುವ ಹೆಡ್ಸ್-ಅಪ್ ಬೇರೆ. ಟೂರ್ನಮೆಂಟಿನ ಕೊನೆಯಲ್ಲಿ ಚಿಪ್ಸ್ ದುಪ್ಪಟ್ಟಾದರೆ ಬಹುಮಾನ ದುಪ್ಪಟ್ಟಾಗುವುದಿಲ್ಲ, ಹಾಗಾಗಿ ಕ್ಯಾಶ್ ಆಟದಲ್ಲಿ ಕಾಲ್ ಮಾಡುವ ಎಲಿಯನ್ನು ಅಲ್ಲಿ ಬಿಡಿಸುತ್ತಾರೆ. ಒಂದು ಬಗೆ ಆರಿಸಿ ಮೂರು ತಿಂಗಳು ಅದರಲ್ಲೇ ಇರಿ. ಕಲಿಸುವವರೂ ಒಬ್ಬರೇ ಇರಲಿ, ಬಹಳವಾದರೆ ಇಬ್ಬರು.

ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತಾವು, ಭಾಳ ಜೋರ್ ಮಾತಾಡ್ತಾರ.

ವೇಗ 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿ. ಪೋಕರಿನ ಮಾತು ಇಂಗ್ಲಿಷ್ ಕಾದಂಬರಿಯಷ್ಟು ದೊಡ್ಡದಲ್ಲ. ಸುಮಾರು 40 ಪದ ಬಂದರೆ ಮುಕ್ಕಾಲು ವಿಡಿಯೋ ತಿಳಿಯುತ್ತದೆ. ಹಾರ್ಟ್ಸ್ ನಮ್ಮ ಬದಾಮ್, ಡೈಮಂಡ್ಸ್ ಚೌಕಟ್, ಕ್ಲಬ್ಸ್ ಕಿಲಾವರ್, ಸ್ಪೇಡ್ಸ್ ಇಸ್ಪೀಟ್. ಜ್ಯಾಕ್ ಗುಲಾಮ, ಏಸ್ ಎಕ್ಕ. ಸೂಟೆಡ್ ಅಂದರೆ ಕೈಯಲ್ಲಿನ ಎರಡೂ ಎಲಿ ಒಂದೇ ಜಾತಿ. ಔಟ್ಸ್ ಅಂದರೆ ನಿಮ್ಮನ್ನು ಗೆಲ್ಲಿಸಬಹುದಾದ, ಇನ್ನೂ ಬೀಳದ ಎಲಿ. ರೇಂಜ್ ಅಂದರೆ ಎದುರಿನವನ ಕೈಯಲ್ಲಿ ಇರಬಹುದಾದ ಎಲಿಗಳ ಇಡೀ ಗುಂಪು. ಈ ಒಂದು ಪದ ಸರಿಯಾಗಿ ತಲೆಗಿಳಿದರೆ ಅರ್ಧ ಪಾಠ ಹಗುರಾಗುತ್ತದೆ.

ಪದಗಳನ್ನು ಕನ್ನಡಕ್ಕೆ ತಿರುಗಿಸುವ ಉಸಾಬರಿ ಬೇಡ. ಅರ್ಥ ಕನ್ನಡದಲ್ಲಿ ಬರೆಯಿರಿ, ಪದ ಹಾಗೇ ಇರಲಿ. ಸ್ವಯಂಚಾಲಿತ ಸಬ್‌ಟೈಟಲ್ ಸಂಖ್ಯೆಗಳನ್ನು ಆಗಾಗ ತಪ್ಪಾಗಿ ಬರೆಯುತ್ತದೆ. ಬೆಟ್ ಎಷ್ಟು ಎಂಬುದನ್ನು ಟೇಬಲ್ಲಿನ ಚಿತ್ರದಲ್ಲೇ ನೋಡಿಕೊಳ್ಳಿ.

ಗಣಿತ ಎಷ್ಟ್ ಬರ್ಬೇಕು?

ಭಾಗಾಕಾರ ಬಂದರೆ ಸಾಕು. ಬಾಯಿಪಾಠ ಮಾಡಬೇಕಾದದ್ದು ನಾಲ್ಕೇ ಸಾಲು: ಎದುರಿನವನ ಬೆಟ್ ಪಾಟಿನ ಮೂರನೇ ಒಂದು ಪಾಲಾದರೆ ನಿಮಗೆ ಶೇ 20 ಗೆಲುವು ಬೇಕು, ಅರ್ಧ ಪಾಲಾದರೆ ಶೇ 25, ಮುಕ್ಕಾಲಾದರೆ ಶೇ 30, ಪೂರ್ತಿ ಪಾಟಿನಷ್ಟಾದರೆ ಶೇ 33. ನೀವೇ ಬ್ಲಫ್ ಮಾಡುವಾಗ ಲೆಕ್ಕ ಬೇರೆ: ಅರ್ಧ ಪಾಟ್ ಹಾಕಿದರೆ ಆತ ಮೂರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಿಡಬೇಕು, ಪೂರ್ತಿ ಪಾಟ್ ಹಾಕಿದರೆ ಎರಡಕ್ಕೆ ಒಂದು ಸಲಕ್ಕಿಂತ ಹೆಚ್ಚು.

ವಿಡಿಯೋಗಳಲ್ಲಿ ಎರಡು-ನಾಲ್ಕರ ಸೂತ್ರ ಎಂದು ಒಂದು ಬರುತ್ತದೆ. ಔಟ್ಸ್ ಎಣಿಸಿ 2ರಿಂದ ಗುಣಿಸಿದರೆ ಮುಂದಿನ ಒಂದು ಎಲಿಯ ಸಂಭವ, 4ರಿಂದ ಗುಣಿಸಿದರೆ ಎರಡು ಎಲಿಯ ಸಂಭವ. ತಪ್ಪಾಗುವುದು ಎಲ್ಲಿ ಅಂದರೆ, ಫ್ಲಾಪಿನಲ್ಲಿ ಎಲ್ಲರೂ 4ರಿಂದ ಗುಣಿಸಿಬಿಡುತ್ತಾರೆ. ಮುಂದೆ ಮತ್ತೆ ಹಾಕುವುದಿಲ್ಲದೆ ಎರಡೂ ಎಲಿ ನೋಡಲು ಸಿಗುತ್ತದೆ ಎಂದಾಗ ಮಾತ್ರ, ಅಂದರೆ ಆಲ್-ಇನ್ ಆದಾಗ, 4 ಸರಿ. ಟರ್ನಿನಲ್ಲಿ, ಅಂದರೆ ಟೇಬಲ್ಲಿನ ನಾಲ್ಕನೆಯ ಎಲಿ ಬಿದ್ದಾಗ, ಇನ್ನೊಂದು ಬೆಟ್ ಬರುವುದಿದ್ದರೆ 2ರಿಂದಲೇ ಗುಣಿಸಿ. ಔಟ್ಸ್ ಹೆಚ್ಚಾದಂತೆ ಸೂತ್ರ ಉಬ್ಬುತ್ತದೆ ಕೂಡ: 15 ಔಟ್ಸಿಗೆ ಸೂತ್ರ ಶೇ 60 ಅನ್ನುತ್ತದೆ, ನಿಜವಾದದ್ದು ಶೇ 54. ಎಂಟಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಕಳೆದುಬಿಟ್ಟರೆ, 60ರಲ್ಲಿ 7 ಕಳೆದು 53, ಹತ್ತಿರ ಬಂದಿರಿ.

ಎಲಿ ಎಣಿಕೆಯೂ ಬೇಕು. ಒಂದೇ ಸಂಖ್ಯೆಯ ಜೋಡಿ 6 ಬಗೆಯಲ್ಲಿ ಬರುತ್ತದೆ, ಎಕ್ಕ-ರಾಜ 16 ಬಗೆಯಲ್ಲಿ. ಟೇಬಲ್ಲಿನ ಮೇಲೆ ಒಂದು ರಾಜ ಬಿದ್ದರೆ ಎಕ್ಕ-ರಾಜ 12ಕ್ಕೆ, ರಾಜರ ಜೋಡಿ 3ಕ್ಕೆ ಇಳಿಯುತ್ತದೆ. ‘ಅವನ ಹತ್ರ ರಾಜರ ಜೋಡೀನ ಐತಿ’ ಎಂದು ಹೆದರುವ ಮುನ್ನ ಈ 12ಕ್ಕೆ 3 ನೆನಪಾಗಲಿ.

ದುಡ್ಡಿಲ್ದ ಅಭ್ಯಾಸ ಎಲ್ಲಿ ಮಾಡೂದು?

ಮನೆಯಲ್ಲೇ. ನಾಲ್ಕು ಜನ, ಒಂದು ಕಟ್ಟು ಎಲಿ. ಚಿಪ್ಸ್ ಕೊಳ್ಳುವುದು ಬೇಡ: ತೊಗರಿ ಕಾಳು 1, ಹುಣಸೆಬೀಜ 5, ಗಜಗ 25. ಒಬ್ಬೊಬ್ಬರಿಗೆ 20 ತೊಗರಿ, 16 ಹುಣಸೆಬೀಜ, 4 ಗಜಗ ಕೊಟ್ಟರೆ ಸರಿಯಾಗಿ 200; ಬ್ಲೈಂಡ್ 1 ಮತ್ತು 2 ಇಟ್ಟರೆ 100 ಬಿಗ್ ಬ್ಲೈಂಡ್. ವಿಡಿಯೋದಲ್ಲಿ ನೋಡಿದ ಡಾವಿನ ಎಲಿಗಳನ್ನೇ ಜೋಡಿಸಿ, ನಿಮ್ಮಲ್ಲಿ ಒಬ್ಬರು ಕಲಿಸುವವರ ಉತ್ತರ ಬಲ್ಲವರಾಗಿರಲಿ, ಉಳಿದ ಮೂವರು ಒಬ್ಬರ ಉತ್ತರ ಒಬ್ಬರಿಗೆ ತೋರಿಸದೆ ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯಲಿ. ಬಾಯಲ್ಲಿ ಹೇಳಿದರೆ ಮೊದಲು ಮಾತಾಡಿದವನ ಉತ್ತರವೇ ಎಲ್ಲರದ್ದಾಗುತ್ತದೆ. ಪಣ ಯಾವುದೂ ಬೇಡ, ಚಹಾದ ಬಿಲ್ಲೂ ಬೇಡ. ಸಂಜೆ ಕರೆಂಟ್ ಹೋದ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು; ಫೋನ್ ಇಲ್ಲದೆ ಮೊನ್ನೆಯ ಡಾವನ್ನು ನೆನಪಿನಿಂದ ಹಾಕಿ ನೋಡಿ.

ಪುಕ್ಕಟೆ ಚಿಪ್ಸಿನ ಆ್ಯಪುಗಳೂ ಇವೆ. ಎಲಿ ಆರಿಸುವುದು, ಪಾಟ್ ಲೆಕ್ಕ, ಜಾಗದ ಬೆಲೆ ಇವುಗಳ ಅಭ್ಯಾಸಕ್ಕೆ ಸರಿ. ಬ್ಲಫ್ ಕಲಿಯಲು ಅಲ್ಲಿ ಆಗುವುದಿಲ್ಲ, ಕಳೆದುಕೊಳ್ಳುವುದು ಏನೂ ಇಲ್ಲದ ಕಾರಣ ಎಲ್ಲರೂ ಎಲ್ಲಕ್ಕೂ ಕಾಲ್ ಮಾಡುತ್ತಾರೆ. ಅಲ್ಲಿ ಬ್ಲಫ್ ಸೋತಿತೆಂದು ವಿಡಿಯೋದ ಪಾಠವನ್ನು ದೂರಬೇಡಿ.

ಸಾಲ್ವರ್ ವಿಡಿಯೋ ಒಂದೂ ತಿಳಿಯೂದಿಲ್ಲ. ಬರೇ ಬಣ್ಣದ ಚೌಕ.

ಆ ಚೌಕಗಳ ಪಟ್ಟಿಯಲ್ಲಿ 169 ಮನೆ: 13 ಜೋಡಿ, 78 ಸೂಟೆಡ್, 78 ಬೇರೆ ಜಾತಿಯವು. ಮನೆಯ ಬಣ್ಣ ಆ ಎಲಿಯನ್ನು ಎಷ್ಟು ಸಲ ಬೆಟ್, ಎಷ್ಟು ಸಲ ಚೆಕ್ ಮಾಡಬೇಕು ಎಂದು ತೋರಿಸುತ್ತದೆ. ಒಂದೇ ಮನೆಯಲ್ಲಿ ಎರಡು ಬಣ್ಣ ಇದ್ದರೆ ಎರಡೂ ನಡೆಯ ಬೆಲೆ ಹೆಚ್ಚು ಕಡಿಮೆ ಸಮ. ಅಲ್ಲಿ ಶೇಕಡಾವಾರು ಬಾಯಿಪಾಠ ಮಾಡುತ್ತ ಕೂರುವುದು ವ್ಯರ್ಥ.

ಹುಡುಕಬೇಕಾದದ್ದು ಕಾರಣ. ರಾಜ-ಏಳು-ಎರಡು, ಮೂರೂ ಬೇರೆ ಜಾತಿ, ಇಂಥ ಫ್ಲಾಪಿಗೆ ಸಾಲ್ವರ್ ಮೊದಲು ರೇಸ್ ಮಾಡಿದವನಿಂದ ಸಣ್ಣ ಬೆಟ್ ಅನ್ನು ಬಹಳ ಸಲ ಮಾಡಿಸುತ್ತದೆ. ದೊಡ್ಡ ಜೋಡಿ, ಎಕ್ಕ-ರಾಜ ಇರುವ ಸಂಭವ ಅವನ ಕಡೆಗೇ ಹೆಚ್ಚು. ಒಂಬತ್ತು-ಎಂಟು-ಏಳು, ಎರಡು ಒಂದೇ ಜಾತಿ ಬಿದ್ದರೆ ಅದೇ ಸಾಲ್ವರ್ ಹೆಚ್ಚು ಚೆಕ್ ಮಾಡಿಸುತ್ತದೆ, ಏಕೆಂದರೆ ಸ್ಟ್ರೇಟ್, ಎರಡು ಜೋಡಿ ಬಿಗ್ ಬ್ಲೈಂಡಿನವನ ಕಡೆಗೂ ಸಾಕಷ್ಟಿವೆ. ಎರಡು ಫ್ಲಾಪಿನ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ಹೇಳಲು ಬಂದರೆ ಆ ವಿಡಿಯೋದಿಂದ ನಿಮಗೆ ಬೇಕಾದದ್ದು ಬಂತು.

ಮತ್ತೆ, ಎದುರಿನವನೂ ತಪ್ಪಿಲ್ಲದೆ ಆಡುತ್ತಾನೆ ಎಂದುಕೊಂಡು ಸಾಲ್ವರ್ ಲೆಕ್ಕ ಹಾಕುತ್ತದೆ. ಎಂದೂ ಬಿಡದವನ ಮುಂದೆ ಅದು ಹೇಳುವ ಬ್ಲಫ್‌ಗಳಿಗೆ ಬೆಲೆಯಿಲ್ಲ. 2019ರಲ್ಲಿ ಪ್ಲುರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಆಟದಲ್ಲಿ ವೃತ್ತಿಪರರನ್ನು ಸೋಲಿಸಿತು ನಿಜ. ನಿಮ್ಮ ಎದುರು ಕೂತಿರುವವನು ಪಕ್ಕದ ಮನೆಯ ಕಾಕಾ.

ಒಬ್ರು ತಮ್ಮ ಗೆಲುವಿನ ಗ್ರಾಫ್ ತೋರ್ಸಿ ಕೋರ್ಸ್ ಮಾರಾಕ ಹತ್ಯಾರ. ತಗೋಬೇಕೇನು?

ಮೊದಲು ಕೇಳಿ: ಎಷ್ಟು ಡಾವಿನ ಗ್ರಾಫ್? ಆರು ಜನರ ನೋ-ಲಿಮಿಟ್ ಆಟದಲ್ಲಿ 100 ಡಾವಿಗೆ ಏರಿಳಿತ ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್. 90 ಎಂದುಕೊಂಡರೆ, 10,000 ಡಾವು ಆಡಿದ ಮೇಲೂ ಫಲಿತಾಂಶದ ಅಲುಗಾಟ 100 ಡಾವಿಗೆ 9 ಬಿಗ್ ಬ್ಲೈಂಡ್ ಇರುತ್ತದೆ. ಗೆಲ್ಲುವವರೂ ಅಲ್ಲದ ಸೋಲುವವರೂ ಅಲ್ಲದ ನೂರು ಜನ ಅಷ್ಟು ಆಡಿದರೆ ಸುಮಾರು 16 ಜನರ ಗ್ರಾಫ್ 9ಕ್ಕಿಂತ ಹೆಚ್ಚಿನ ಗೆಲುವು ತೋರಿಸುತ್ತದೆ, ಬರೀ ಅದೃಷ್ಟದಿಂದ. ಒಂದು ಲಕ್ಷ ಡಾವಿಗೆ ಆ ಅಲುಗಾಟ 3ರ ಹತ್ತಿರ ಇಳಿಯುತ್ತದೆ. ಹತ್ತು ಸಾವಿರ ಡಾವಿನ ಗ್ರಾಫ್ ಕ್ಯಾಲೆಂಡರಿನ ಚಿತ್ರದಷ್ಟೇ ಉಪಯುಕ್ತ.

ಅವರ ಪುಕ್ಕಟೆ ವಿಡಿಯೋ ಎರಡು ನೋಡಿ. ‘ಯಾಕೆ’ ಹೇಳುತ್ತಾರೋ, ಇಲ್ಲ ‘ನನ್ನ ಅನುಭವದಲ್ಲಿ’ ಎನ್ನುತ್ತಲೇ ಮುಗಿಸುತ್ತಾರೋ? ತಾವು ತಪ್ಪು ಆಡಿದ ಡಾವು ತೋರಿಸುತ್ತಾರೋ? ಪರಿಸ್ಥಿತಿ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎನ್ನುತ್ತಾರೋ? ತಿಂಗಳಿಗೆ ಇಷ್ಟು ಗಳಿಕೆ ಎಂದು ಮಾತು ಕೊಡುವವರಿಂದ ದೂರ ಇರಿ. ಟೆಲಿಗ್ರಾಂ ಗುಂಪಿಗೆ ಸೇರಿಸಿಕೊಂಡು ಆಮೇಲೆ ಸೈಟಿನ ಲಿಂಕ್ ಕಳಿಸುವವರಿಂದ ಇನ್ನೂ ದೂರ.

ಹೇಳಿದಂಗ ಆಡಿದೆ, ಆದ್ರೂ ಸೋತೆ. ವಿಡಿಯೋ ತಪ್ಪೇನು?

ಒಂದು ಡಾವಿನಿಂದ ತಿಳಿಯುವುದಿಲ್ಲ. ಎಕ್ಕದ ಜೋಡಿ ರಾಜರ ಜೋಡಿಯ ಎದುರು ಸುಮಾರು ಶೇ 82 ಗೆಲ್ಲುತ್ತದೆ. ಅಂದರೆ ಐದಾರು ಸಲಕ್ಕೊಮ್ಮೆ ಸೋಲುತ್ತದೆ. ವಿಜಯಪುರದ ಎರೆಭೂಮಿಯಲ್ಲಿ ಹಸಿ ನೋಡಿ, ಸರಿಯಾದ ಹೊತ್ತಿಗೆ ಹಿಂಗಾರಿ ಬಿಳಿಜೋಳ ಬಿತ್ತಿದ ರೈತನಿಗೆ ಆ ವರ್ಷ ಮಳೆ ಕೈಕೊಟ್ಟರೆ ಬಿತ್ತಿದ್ದು ತಪ್ಪು ಎನ್ನುತ್ತೇವೆಯೇ? ಹಸಿ ಇಲ್ಲದೆ ಬಿತ್ತಿದ ಪಕ್ಕದ ಹೊಲದವನಿಗೆ ಅಕಾಲ ಮಳೆ ಬಿದ್ದು ಬೆಳೆ ಬಂದರೆ ಮುಂದಿನ ವರ್ಷ ಅವನಂತೆ ಬಿತ್ತುತ್ತೇವೆಯೇ?

ಡಾವು ಬರೆದಿಡುವಾಗ ಕೊನೆಗೆ ಯಾರು ಗೆದ್ದರು ಎಂಬುದನ್ನು ಪುಟದ ಹಿಂಬದಿಗೆ ಬರೆಯಿರಿ. ಎದುರಿಗೆ ಕಂಡರೆ ಕಾರಣದ ಕಾಲಂ ತಾನಾಗಿ ಸೋಲು ಗೆಲುವಿನ ಕಡೆ ವಾಲುತ್ತದೆ.

ಸಣ್ಣ ಸಣ್ಣ ರೀಲ್ಸ್ ನೋಡಿದ್ರ ಸಾಲೂದಿಲ್ಲೇನು?

ಇಲ್ಲ. ಚಿಪ್ಸ್ ಎಷ್ಟು, ಜಾಗ ಯಾವುದು ಎಂಬುದೇ ಅದರಲ್ಲಿ ಇರುವುದಿಲ್ಲ. 

ಕಲ್ತೇನೋ ಇಲ್ಲೋ ಅಂತ ಹೆಂಗ ತಿಳಿಯೂದು?

ನೋಟ್‌ಬುಕ್ಕಿನ ಡಾವುಗಳಲ್ಲಿ 20 ಆರಿಸಿ, ಒಂದೊಂದನ್ನು ಒಂದು ಚೀಟಿಯ ಮೇಲೆ ಬರೆಯಿರಿ: ಮುಂದೆ ಸ್ಥಿತಿ, ಹಿಂದೆ ಉತ್ತರ ಮತ್ತು ಕಾರಣ. ಮರುದಿನ, 7ನೇ ದಿನ, 21ನೇ ದಿನ ಎಲಿ ಪೀಸಿದಂತೆ ಚೀಟಿ ಪೀಸಿ ತೆಗೆಯಿರಿ. ಉತ್ತರ ಸರಿಯಾಗಿ ಕಾರಣ ತಪ್ಪಿದ್ದರೆ ಅದನ್ನು ತಪ್ಪು ಎಂದೇ ಎಣಿಸಿ. 20ಕ್ಕೆ 16 ಬಂದರೆ ಮುಂದಿನ ವಿಷಯಕ್ಕೆ ಹೋಗಬಹುದು.

ಇದು ನೆನಪಿನ ಪರೀಕ್ಷೆ. ತಿಳಿವಳಿಕೆಯ ಪರೀಕ್ಷೆ ಬೇರೆ: ಅದೇ ಚೀಟಿಯಲ್ಲಿ ಒಂದನ್ನು ಬದಲಿಸಿ. 100 ಬಿಗ್ ಬ್ಲೈಂಡನ್ನು 30 ಮಾಡಿ, ಇಲ್ಲ ಬಟನ್ನಿನಿಂದ ಬಿಗ್ ಬ್ಲೈಂಡಿಗೆ ಕೂರಿಸಿ, ಇಲ್ಲ ಟೇಬಲ್ಲಿನ ಒಂದು ಬದಾಮನ್ನು ಚೌಕಟ್ ಮಾಡಿ. ಉತ್ತರ ಬದಲಾಗಬೇಕೋ ಬೇಡವೋ, ಯಾಕೆ, ಎಂದು ಹೇಳಲು ಬರದಿದ್ದರೆ ಆ ಡಾವು ಬಾಯಿಪಾಠ ಆಗಿದೆ, ಅಷ್ಟೆ.

ಗೋವಾಕ್ಕ ಹೋಗಿ ಒಂದ್ ಕೈ ನೋಡಿ ಬಂದ್ರ?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಪಣಜಿ, ಮಾಂಡೋವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳಿವೆ, ವಯಸ್ಸು 21 ಆಗಿರಬೇಕು. ಕಲಿಯುವ ಜಾಗ ಅದಲ್ಲ. ಅಲ್ಲಿ ಒಂದು ಗಂಟೆಗೆ ಸುಮಾರು 25-30 ಡಾವು ಮಾತ್ರ ನಡೆಯುತ್ತವೆ, ನಿಲ್ಲಿಸಿ ಯೋಚಿಸಲು ಆಗುವುದಿಲ್ಲ, ಪ್ರತಿ ಪಾಟಿನಿಂದ ಕ್ಯಾಸಿನೊದವರ ಪಾಲು ಕಡಿತವಾಗುತ್ತದೆ. ಮನೆಯಲ್ಲಿ ಹುಣಸೆಬೀಜದ ಜೊತೆ ಒಂದು ಸಂಜೆಗೆ ಕಲಿಯುವುದನ್ನು ಅಲ್ಲಿ ವಾರಕ್ಕೂ ಕಲಿಯಲಾರಿರಿ, ಬಸ್ ಚಾರ್ಜು ಬೇರೆ.

ಮಗ ರಾತ್ರಿ ಎಲ್ಲಾ ಫೋನ್ ಹಿಡ್ಕೊಂಡ ಕೂಡ್ತಾನು. ವಿಡಿಯೋ ನೋಡಾಕ ಹತ್ತೇನಿ ಅಂತಾನು. ನಂಬೂದೇನು?

ಕಲಿಯುವವನ ಬಳಿ ನೋಟ್‌ಬುಕ್ ಇರುತ್ತದೆ, ತೋರಿಸು ಎಂದರೆ ಹುರುಪಿನಿಂದ ತೋರಿಸುತ್ತಾನೆ. ಸಾಲ ಕೇಳುವುದು, ಯುಪಿಐ ಲೆಕ್ಕ ಮುಚ್ಚಿಡುವುದು, ಸೋತದ್ದನ್ನು ಇವತ್ತೇ ಮರಳಿ ತರುತ್ತೇನೆ ಎಂಬ ಮಾತು, ನಿದ್ದೆ ಊಟ ಬಿಡುವುದು ಕಂಡರೆ ಅದು ವಿಡಿಯೋದ ವಿಷಯವಲ್ಲ. ಬೈದು ಫೋನ್ ಕಸಿದರೆ ಇನ್ನೊಂದು ಫೋನ್ ಬರುತ್ತದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ನೇರವಾಗಿ ತೋರಿಸಬೇಕೆಂದರೆ ಈ ಭಾಗಕ್ಕೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ವಾರಕ್ಕ ಎಷ್ಟ್ ವಿಡಿಯೋ?

ಒಂದು. ಸೋಮವಾರ ಅರ್ಧ, ಮಂಗಳವಾರ ಇನ್ನರ್ಧ, ಬುಧವಾರ ಕಾರಣದ ಕಾಲಂ ಮತ್ತು ಚೀಟಿ, ಶನಿವಾರ ಅಥವಾ ರವಿವಾರ ನಾಲ್ಕು ಜನ ಕೂಡಿ ಕಾಳು ಹಾಕಿ ಅದೇ ಡಾವುಗಳು. ನಡುವಿನ ದಿನಗಳಲ್ಲಿ ಹಳೆಯ ಚೀಟಿ ಹತ್ತು ನಿಮಿಷ. ಡೇಟಾ ಉಳಿಸಲು ವಿಡಿಯೋವನ್ನು ವೈ-ಫೈ ಸಿಕ್ಕಾಗ ಇಳಿಸಿಕೊಳ್ಳಿ. ಆಫ್‌ಲೈನ್ ಇದ್ದರೆ ಮುಂದಿನ ವಿಡಿಯೋ ತಾನಾಗಿ ಶುರುವಾಗುವ ಕಾಟವೂ ಇಲ್ಲ.